ಪರದೇಶಿಗೂ ಒಂದು ನಂಬರ್

'ಪರದೇಶಿ' ಅನ್ನೋ ಪದಕ್ಕೆ ನಮ್ಮ ಕಡೆ ಎರಡು ಅರ್ಥ. ಒಂದು, ಬೇರೆ ದೇಶದವನು. ಇನ್ನೊಂದು, ಹಿಂದೆ ಮುಂದೆ ಯಾರೂ ಇಲ್ಲದವನು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ "ಪಾಪ, ಪರದೇಶಿ ಆಗ್ಯಾನ ನೋಡ್ರಿ" ಅಂದರೆ ಅವನು ವಿಮಾನ ಹತ್ತಿದ ಅಂತ ಅರ್ಥ ಅಲ್ಲ. ಜ್ವರ ಬಂದರೆ ನೀರು ಕೊಡೋರಿಲ್ಲ, ಮುಪ್ಪಾದರೆ ಅನ್ನ ಹಾಕೋರಿಲ್ಲ ಅಂತ ಅರ್ಥ. ಊರು ಬಿಟ್ಟವನಿಗೂ ಅನಾಥನಿಗೂ ಒಂದೇ ಪದ ಇಟ್ಟ ನಮ್ಮ ಹಿರಿಯರು ಸುಮ್ಮನೆ ಇಡಲಿಲ್ಲ. ತನ್ನದಲ್ಲದ ಸೀಮೆಗೆ ದುಡಿಯಲು ಹೋದವನು ಕಾಯಿಲೆ ಬಿದ್ದರೆ ಯಾರು ನೋಡಬೇಕು, ಮುದುಕನಾದರೆ ಅವನು ದುಡಿದ ವರ್ಷಗಳ ಲೆಕ್ಕ ಯಾರ ಹತ್ತಿರ ಇರುತ್ತದೆ ಅನ್ನೋದು ಅವರಿಗೆ ಗೊತ್ತಿದ್ದ ಸಮಸ್ಯೆ.

ನಮ್ಮ ನಿಮ್ಮ ಆಫೀಸುಗಳಲ್ಲಿ ಇದೇ ಸಮಸ್ಯೆಗೆ ಪಿಎಫ್, ಇನ್ಶೂರೆನ್ಸ್, ಪೆನ್ಷನ್ ಅಂತ ಹೆಸರು. ಕೆಲಸಕ್ಕೆ ಸೇರಿದ ಮೊದಲ ದಿನ ಎಚ್‌ಆರ್‌ನವರು ಹತ್ತು ಸ್ಲೈಡ್ ತೋರಿಸುತ್ತಾರೆ, ನಾವು ನೋಡದೇ ಸಹಿ ಹಾಕುತ್ತೇವೆ. ಆ ಸ್ಲೈಡುಗಳ ಹಿಂದೆ ನೂರು ವರ್ಷದ ಕಥೆಯಿದೆ. ಅದರ ದೊಡ್ಡ ಭಾಗ ನಮ್ಮ ಶಹಾಬಾದ್ - ವಾಡಿ ರೈಲು ಹಳಿಯ ಪಕ್ಕದಲ್ಲೇ ನಡೆದಿದೆ.

ಮುಂಬೈ - ಮದ್ರಾಸ್ ರೈಲು ಮಾರ್ಗ ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ವಾಡಿ ಜಂಕ್ಷನ್ ಆಯಿತು. ನೆಲದಡಿಯಲ್ಲಿ ಸುಣ್ಣದಕಲ್ಲು, ನೆಲದ ಮೇಲೆ ರೈಲು. 1920ರ ದಶಕದಲ್ಲಿ ಶಹಾಬಾದಿಗೆ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಹುಟ್ಟಿದಾಗ ಶಹಾಬಾದ್ ಕಂಪನಿಯೂ ಅದರಲ್ಲಿತ್ತು. ಮನೆಮನೆಗೆ ಹಾಸುವ ಶಹಾಬಾದಿ ಕಲ್ಲಿನ ಊರು ಹೀಗೆ ಕಾರ್ಖಾನೆಯ ಊರೂ ಆಯಿತು.

ಆಗ ಇದು ಹೈದರಾಬಾದ್ ಸಂಸ್ಥಾನ. ಸೊಲ್ಲಾಪುರ ಬ್ರಿಟಿಷ್ ಸೀಮೆ. ಇವತ್ತು ನಾವು ಬಸ್ಸು ಹತ್ತಿ ಹೋಗಿ ಬರೋ ದೂರ ಅವತ್ತು ಎರಡು ಸರ್ಕಾರಗಳ ನಡುವಿನ ದೂರ. ರೂಪಾಯಿಯೂ ಬೇರೆ. ನಿಜಾಮರದ್ದು ಹಾಲಿ ಸಿಕ್ಕಾ, ಬ್ರಿಟಿಷರದ್ದು ಕಲ್ದಾರ್. ಸುಮಾರು 7 ಹಾಲಿಗೆ 6 ಕಲ್ದಾರ್. ಸೊಲ್ಲಾಪುರದ ಬಟ್ಟೆ ಮಿಲ್ಲಿನಲ್ಲಿ ದುಡಿದವನು ಊರಿಗೆ ತರುತ್ತಿದ್ದ ಪಗಾರಕ್ಕೆ ಫಾರಿನ್ ಎಕ್ಸ್‌ಚೇಂಜ್ ರೇಟ್ ಇತ್ತು ಅಂದರೆ ತಮಾಷೆ ಅನ್ನಿಸಬಹುದು, ಆದರೆ ಅದೇ ವಾಸ್ತವ. ಸಂಸ್ಥಾನದ ಒಳಗೂ ಒಂದು ಗೆರೆ ಇತ್ತು. 1919ರ ಮುಲ್ಕಿ ನಿಯಮದ ಪ್ರಕಾರ ಸರ್ಕಾರಿ ನೌಕರಿ ಬೇಕೆಂದರೆ ನೀನು ಮುಲ್ಕಿ ಆಗಿರಬೇಕು. ಅಂದರೆ ಇಲ್ಲಿ ಹುಟ್ಟಿದವನು, ಇಲ್ಲವೇ 15 ವರ್ಷ ಇಲ್ಲೇ ನೆಲೆಸಿದವನು. ಉಳಿದವರು ಗೈರ್‌ಮುಲ್ಕಿ. ನಮ್ಮ ಕನ್ನಡದ 'ಪರದೇಶಿ'ಗೆ ಅರ್ಜಿ ನಮೂನೆಯ ಉರ್ದುವಿನಲ್ಲಿ ಸಿಕ್ಕ ಹೆಸರು ಅದು.

ಆ ಕಾಲದ ಕಾರ್ಮಿಕನಿಗೆ ಮುಪ್ಪಿನ ಕಾಲಕ್ಕೆ ಏನಿತ್ತು? ಮಗ, ಹೊಲ, ಇಲ್ಲಾ ದೇವರು. ಯಾವುದೋ ಕಂಪನಿ ಮನಸ್ಸು ಮಾಡಿದರೆ ಒಂದಿಷ್ಟು ಇನಾಮು. ಭವಿಷ್ಯ ನಿಧಿ ಅನ್ನೋದು ಕೇಳಿ ಪಡೆಯುವ ಹಕ್ಕಾಗಿರಲಿಲ್ಲ. ಕೈ ನಡೆಯೋತನಕ ಪಗಾರ, ಕೈ ನಿಂತರೆ ಊರಿನ ಹಾದಿ.

ಇನ್ನು ಮುಂದಿನ ಎಂಟು ವರ್ಷ ನೋಡಿ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ. ಹೈದರಾಬಾದ್ ಭಾರತದೊಳಗೆ ಸೇರಿತು. 1951ರ ಏಪ್ರಿಲ್ 1ರಿಂದ ಕೇಂದ್ರದ ಅನೇಕ ಕಾಯ್ದೆಗಳು ಹೈದರಾಬಾದಿನಂಥ 'ಬಿ' ವರ್ಗದ ರಾಜ್ಯಗಳಿಗೂ ಅನ್ವಯವಾದವು. 1952ರಲ್ಲಿ ಪಿಎಫ್ ಕಾಯ್ದೆ. 1956ರ ನವೆಂಬರ್ 1ಕ್ಕೆ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಶಹಾಬಾದಿನ ಕಾರ್ಮಿಕ ತನ್ನ ಕ್ವಾರ್ಟರ್ಸ್ ಬಿಟ್ಟು ಒಂದು ಹೆಜ್ಜೆ ಆಚೆ ಇಡಲಿಲ್ಲ. ಆದರೂ ನಿಜಾಮರ ಪ್ರಜೆಯಾಗಿದ್ದವನು ಭಾರತದ ಪ್ರಜೆಯಾದ, ಹೈದರಾಬಾದಿನವನಾಗಿದ್ದವನು ಮೈಸೂರಿನವನಾದ. ಅವನು ಗಡಿ ದಾಟಲಿಲ್ಲ, ಗಡಿಯೇ ಅವನನ್ನು ದಾಟಿ ಹೋಯಿತು.

ಪಿಎಫ್ ಕಾಯ್ದೆ ಮೊದಲು ಬಂದದ್ದು ಆರೇ ಉದ್ದಿಮೆಗಳಿಗೆ: ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ. ಪಟ್ಟಿಯಲ್ಲಿ ಸಿಮೆಂಟಿನ ಹೆಸರು ಇದ್ದದ್ದರಿಂದ ಶಹಾಬಾದಿನಂಥ ಊರು ದೇಶದ ಮೊದಲ ಸಾಲಿಗೆ ಬಂತು. ಸಾಫ್ಟ್‌ವೇರ್‌ನವರಾದ ನಮಗೆ ಪಿಎಫ್ ಅಂದರೆ ಕಾರ್ಪೊರೇಟ್ ಸೌಲಭ್ಯ ಅನ್ನಿಸುತ್ತದೆ. ಅದು ಸಿಮೆಂಟ್ ಧೂಳಿನಲ್ಲಿ, ನೂಲಿನ ಧೂಳಿನಲ್ಲಿ ಹುಟ್ಟಿದ್ದು. 1952ರ ನವೆಂಬರ್ 1ರಿಂದ ಕಡಿತ ಶುರು. ದರ ಶೇ 6.25, ಅಂದರೆ ರೂಪಾಯಿಗೆ ಒಂದಾಣೆ. ಕಾರ್ಮಿಕನದ್ದು ಒಂದಾಣೆ, ಮಾಲೀಕನದ್ದು ಒಂದಾಣೆ. ಶೇಕಡಾ ಲೆಕ್ಕ ಬಾರದವನಿಗೂ ತಿಳಿಯುವ ಗಣಿತ. "ಫಂಡ್ ಕಟ್ ಆಗ್ತದ" ಅನ್ನೋ ಮಾತು ನಮ್ಮ ಕಡೆಯ ಭಾಷೆಗೆ ಸೇರಿದ್ದು ಹೀಗೆ.

ಷರತ್ತುಗಳೂ ಇದ್ದವು. ಕಾರ್ಖಾನೆಯಲ್ಲಿ 50 ಜನ ಇರಬೇಕು (1960ರಲ್ಲಿ ಇದು 20ಕ್ಕೆ ಇಳಿಯಿತು). ಪಗಾರ ತಿಂಗಳಿಗೆ 300 ರೂಪಾಯಿ ಮೀರಬಾರದು. ಒಂದು ವರ್ಷ ಸತತವಾಗಿ ಕೆಲಸ ಮಾಡಿರಬೇಕು. ಈ ಕೊನೆಯ ಷರತ್ತನ್ನು ಸ್ವಲ್ಪ ನಿಂತು ನೋಡಿ. ಬೇಸಾಯ ಮುಗಿದ ಮೇಲೆ ಬಂದು, ಮಳೆ ಬಂದಾಗ ಊರಿಗೆ ಹೋಗೋ ಸೇಡಂ ಕಡೆಯ ರೈತ-ಕಾರ್ಮಿಕನಿಗೆ ಆ ವರ್ಷ ಎಂದೂ ತುಂಬುತ್ತಿರಲಿಲ್ಲ.

ಆರೋಗ್ಯದ ಕಥೆ ಇದಕ್ಕೆ ಜೋಡಿ. ಬ್ರಿಟಿಷ್ ಸರ್ಕಾರ 1943ರಲ್ಲಿ ಪ್ರೊ. ಬಿ. ಪಿ. ಅಡಾರ್ಕರ್ ಅವರಿಗೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸಲು ಹೇಳಿತು. 1944ರಲ್ಲಿ ಅವರ ವರದಿ ಬಂತು. ಅದರ ಮೇಲೆ ನಿಂತದ್ದು 1948ರ ಇಎಸ್‌ಐ ಕಾಯ್ದೆ. 1952ರ ಫೆಬ್ರುವರಿ 24ರಂದು ಕಾನ್ಪುರದಲ್ಲಿ ನೆಹರೂ ಚಾಲನೆ ಕೊಟ್ಟರು. ಇದು ಒಂದೇ ದಿನ ದೇಶಕ್ಕೆಲ್ಲ ಬರಲಿಲ್ಲ. ಊರೂರಿಗೆ ಅಧಿಸೂಚನೆ ಹೊರಡಿಸುತ್ತಾ ಬಂತು. ಇಲ್ಲೂ ಒಂದು ಗೆರೆ. ಗಣಿ ಕಾಯ್ದೆಗೆ ಒಳಪಟ್ಟ ಗಣಿ ಇಎಸ್‌ಐ ಲೆಕ್ಕದಲ್ಲಿ ಕಾರ್ಖಾನೆ ಆಗಿರಲಿಲ್ಲ. ಅಂದರೆ ಸಿಮೆಂಟಿನ ಭಟ್ಟಿ ಮುಂದೆ ನಿಂತವನಿಗೆ ಇಎಸ್‌ಐ, ಆ ಭಟ್ಟಿಗೆ ಕಲ್ಲು ಒಡೆದು ಕಳಿಸುವವನಿಗೆ ಇರಲಿಲ್ಲ. ಸುಣ್ಣದಕಲ್ಲು ಗಣಿ ಕಾರ್ಮಿಕರ ಕ್ಷೇಮನಿಧಿಗೆ ಬೇರೆ ಕಾಯ್ದೆ ಬರಲು 1972 ಆಗಬೇಕಾಯಿತು. ಕೆಲಸದ ಜಾಗ ಒಂದೇ, ಕೆಮ್ಮು ಒಂದೇ, ಬರೆದಿಡುವ ಪುಸ್ತಕ ಮಾತ್ರ ಬೇರೆ.

ಇಷ್ಟೆಲ್ಲ ಗೆರೆಗಳಿದ್ದರೂ ಆ ಕಾಯ್ದೆಗಳು ಒಂದು ದೊಡ್ಡ ಕೆಲಸ ಮಾಡಿದವು. ದುಡಿದವನ ಲೆಕ್ಕವನ್ನು ಧಣಿಯ ಪೆಟ್ಟಿಗೆಯಿಂದ ತೆಗೆದು ಸರ್ಕಾರದ ಖಾತೆಪುಸ್ತಕಕ್ಕೆ ಹಾಕಿದವು. 1971ರಲ್ಲಿ ಕುಟುಂಬ ಪಿಂಚಣಿ, 1995ರ ನವೆಂಬರ್ 16ರಿಂದ ಈಗಿನ ನೌಕರರ ಪಿಂಚಣಿ ಯೋಜನೆ. ಶಹಾಬಾದಿನ ಆ ಹಳೆಯ ಸಿಮೆಂಟ್ ಕಾರ್ಖಾನೆ ಇವತ್ತು ಬಾಗಿಲು ಹಾಕಿದೆ. ಆದರೆ ಕಂಪನಿ ಮುಚ್ಚಿತು ಅಂತ ಪಿಂಚಣಿ ನಿಲ್ಲುವುದಿಲ್ಲ, ಯಾಕೆಂದರೆ ಅದು ಕಂಪನಿ ಕೊಡೋದಲ್ಲ. ಮೊತ್ತ ಕಡಿಮೆ ಅನ್ನೋದು ಬೇರೆ ಜಗಳ. 2014ರಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಔಷಧಕ್ಕೂ ಸಾಲದು. ಆದರೂ ಹಳೆಯ ಕಾರ್ಮಿಕರು "ನಂದ ಪೆನ್ಷನ್" ಅನ್ನುವಾಗ ಆ 'ನಂದು'ವಿನಲ್ಲಿ ಒಂದು ಠೀವಿ ಇರುತ್ತದೆ. ಮಗ ಕೊಟ್ಟದ್ದಲ್ಲ, ಧಣಿ ಕೊಟ್ಟದ್ದಲ್ಲ.

ಇನ್ನು ನಿಜವಾದ ಪರದೇಶಕ್ಕೆ ಬರೋಣ. ಕಾರ್ಮಿಕರಿಗೆ ಕಡ್ಡಾಯ ಆರೋಗ್ಯ ವಿಮೆ ಅನ್ನೋದನ್ನು ದೇಶಮಟ್ಟದಲ್ಲಿ ಮೊದಲು ತಂದದ್ದು ಜರ್ಮನಿ. ಬಿಸ್ಮಾರ್ಕ್ ಕಾಲ, 1883. 1889ರಲ್ಲಿ ಮುಪ್ಪಿನ ಪಿಂಚಣಿ ಕಾಯ್ದೆ. ಇದರ ಹಿಂದೆ ಕರುಣೆಗಿಂತ ಕಾರ್ಮಿಕರು ಸಮಾಜವಾದಿಗಳ ಕಡೆ ಹೋಗದಂತೆ ತಡೆಯುವ ಲೆಕ್ಕಾಚಾರ ಹೆಚ್ಚಿತ್ತು. ಏನೇ ಇರಲಿ, ಆ ವ್ಯವಸ್ಥೆ ಎರಡು ಮಹಾಯುದ್ಧ ದಾಟಿ ಬದುಕಿದೆ. ಕಂಪನಿ ನನ್ನನ್ನು ಎರಡು ವರ್ಷ ಅಲ್ಲಿಗೆ ಕಳಿಸಿತ್ತು. ಅಲ್ಲಿಯ ಸಂಬಳದ ಪಟ್ಟಿಗೆ ಸೇರಬೇಕಾದರೆ ಮೊದಲು ನಗರಪಾಲಿಕೆಯಲ್ಲಿ ವಿಳಾಸ ನೋಂದಾಯಿಸಬೇಕು, ಆಮೇಲೆ ಒಂದು ಆರೋಗ್ಯ ವಿಮಾ ಸಂಸ್ಥೆ ಆರಿಸಿಕೊಳ್ಳಬೇಕು. ವಿಮೆ ಇಲ್ಲದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಪಿಂಚಣಿಗೆ ಸಂಬಳದ ಶೇ 18.6, ಅರ್ಧ ನಮ್ಮದು, ಅರ್ಧ ಕಂಪನಿಯದ್ದು. ಕೆಲವೇ ದಿನಗಳಲ್ಲಿ ಅಂಚೆಯಲ್ಲಿ ಪಿಂಚಣಿ ನಂಬರ್ ಬಂತು. ಹನ್ನೆರಡು ಅಕ್ಷರ-ಅಂಕಿಗಳ ನಂಬರ್; ಅದರೊಳಗೆ ಹುಟ್ಟಿದ ತಾರೀಖು ಮತ್ತು ಮನೆತನದ ಹೆಸರಿನ ಮೊದಲ ಅಕ್ಷರ. ಸೇಡಂ ಕಡೆಯ ಹಳ್ಳಿಯ ಮನೆತನದ ಹೆಸರಿನ ಒಂದು ಅಕ್ಷರ ಈಗ ಜರ್ಮನ್ ಸರ್ಕಾರದ ದಾಖಲೆಯಲ್ಲಿ ಶಾಶ್ವತವಾಗಿದೆ.

ನಂಬರ್ ಸಿಕ್ಕಿತು ಸರಿ, ಕಟ್ಟಿದ ಹಣ? ಜರ್ಮನಿಯಲ್ಲಿ ಪಿಂಚಣಿಗೆ ಕನಿಷ್ಠ ಐದು ವರ್ಷ ಬೇಕು. ನನ್ನದು ಎರಡು. ಇಲ್ಲಿ ಕೆಲಸಕ್ಕೆ ಬರೋದು ದೇಶ-ದೇಶಗಳ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ. ಭಾರತ ಇಂಥ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದು ಬೆಲ್ಜಿಯಂ ಜೊತೆ, 2006ರಲ್ಲಿ. ಜಾರಿಗೆ ಬಂದದ್ದು 2009ರಲ್ಲಿ. ಜರ್ಮನಿಯ ಜೊತೆಗಿನ ಸಮಗ್ರ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅದರ ಸಾರ ಇಷ್ಟು: ಅರ್ಹತೆ ನೋಡುವಾಗ ಎರಡೂ ದೇಶದ ವರ್ಷಗಳನ್ನು ಕೂಡಿಸಬೇಕು, ಹಣ ಕೊಡುವಾಗ ತಮ್ಮಲ್ಲಿ ದುಡಿದ ವರ್ಷಕ್ಕೆ ತಕ್ಕಷ್ಟು ಕೊಡಬೇಕು. ಅಲ್ಪಾವಧಿಗೆ ಕಳಿಸಿದ ನೌಕರ ಇಲ್ಲೇ ಪಿಎಫ್ ಕಟ್ಟುತ್ತಿದ್ದರೆ ಇಪಿಎಫ್ ಕಚೇರಿಯಿಂದ ಪ್ರಮಾಣಪತ್ರ ಒಯ್ದು ಅಲ್ಲಿಯ ಪಿಂಚಣಿ ಕಡಿತದಿಂದ ವಿನಾಯಿತಿ ಪಡೆಯಬಹುದು. ಒಂದು ಸೂಕ್ಷ್ಮ ಮಾತ್ರ ತಿಳಿದಿರಲಿ: 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್‌ಗೆ ಸೇರಿ, ಆಗಲೇ ಪಿಎಫ್ ಲೆಕ್ಕದ ವೇತನ 15,000 ಮೀರಿದ್ದವರು ನೌಕರರ ಪಿಂಚಣಿ ಯೋಜನೆಯ ಸದಸ್ಯರೇ ಅಲ್ಲ, ಅವರಿಗೆ ಪಿಎಫ್ ಮಾತ್ರ. ನಿಮ್ಮ ಪಾಸ್‌ಬುಕ್‌ನಲ್ಲಿ ಪಿಂಚಣಿಯ ಕಾಲಂ ಖಾಲಿ ಇದ್ದರೆ ಕಾರಣ ಇದೇ ಇರಬಹುದು.

ಅಮೆರಿಕದ ಜೊತೆ ಇಂಥ ಒಪ್ಪಂದ ಇಲ್ಲ. ಎಚ್-1ಬಿ ವೀಸಾದವರ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45 ಕಡಿತ, ಕಂಪನಿಯೂ ಅಷ್ಟೇ ಕಟ್ಟುತ್ತದೆ. ಪಿಂಚಣಿ ಸಿಗಲು ಸುಮಾರು ಹತ್ತು ವರ್ಷ ದುಡಿದಿರಬೇಕು. ಎಚ್-1ಬಿ ಸಾಮಾನ್ಯ ಅವಧಿ ಆರು ವರ್ಷ. ಗ್ರೀನ್ ಕಾರ್ಡ್ ಸಾಲಿನಲ್ಲಿ ಇಲ್ಲದೆ ವಾಪಸ್ ಬಂದವನು ಅಲ್ಲಿಯ ಅಜ್ಜ ಅಜ್ಜಿಯರ ಪಿಂಚಣಿಗೆ ದಾನ ಮಾಡಿ ಬಂದಂತೆ. ಗಲ್ಫ್‌ಗೆ ಹೋದವರದ್ದು ಇನ್ನೊಂದು ಬಗೆ. ಅಲ್ಲಿ ಪಿಂಚಣಿ ಆ ದೇಶದವರಿಗೆ. ನಮ್ಮವರಿಗೆ ಕೆಲಸ ಬಿಡುವಾಗ ಒಂದು ಗಂಟು. ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಿರುವ ಪಾಸ್‌ಪೋರ್ಟಿನವರಿಗೆ ನಮ್ಮ ಸರ್ಕಾರವೇ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ ಮಾಡಿದೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, 10 ಲಕ್ಷದ ಅಪಘಾತ ವಿಮೆ.

ಈಗ ಆಟ ತಿರುಗಿಸಿ. ನಮ್ಮಲ್ಲಿಗೆ ಬರೋ ಪರದೇಶಿಗೆ ನಾವೇನು ಮಾಡಿದೆವು? 2008ರ ಅಕ್ಟೋಬರ್ 1ರಿಂದ ಪಿಎಫ್ ಯೋಜನೆಗೆ 'ಅಂತರರಾಷ್ಟ್ರೀಯ ಕಾರ್ಮಿಕ' ಅನ್ನೋ ಹೊಸ ಪಂಗಡ ಸೇರಿತು. ಒಪ್ಪಂದ ಇಲ್ಲದ ದೇಶದವನಾದರೆ ಮೊದಲ ದಿನದಿಂದ, ಪೂರ್ತಿ ವೇತನದ ಮೇಲೆ, ಯಾವ ಮಿತಿಯೂ ಇಲ್ಲದೆ ಪಿಎಫ್ ಕಟ್ಟಬೇಕು; ಸಾಮಾನ್ಯವಾಗಿ 58 ತುಂಬುವವರೆಗೆ ತೆಗೆಯುವಂತಿಲ್ಲ. 'ನೀವು ನಮ್ಮವರಿಂದ ಕಡಿತ ಮಾಡುತ್ತೀರಿ, ನಾವೂ ನಿಮ್ಮವರಿಂದ ಮಾಡುತ್ತೇವೆ, ಬನ್ನಿ ಒಪ್ಪಂದಕ್ಕೆ ಕೂರೋಣ' ಅನ್ನೋದು ಇದರ ಹಿಂದಿನ ಲೆಕ್ಕ. ನೇಪಾಳ, ಭೂತಾನದವರು ಮಾತ್ರ ಈ ಪಂಗಡಕ್ಕೆ ಬರುವುದಿಲ್ಲ. ಸ್ನೇಹ ಒಪ್ಪಂದಗಳ ಕಾರಣ ಪಿಎಫ್ ಕಣ್ಣಿಗೆ ಅವರು ಭಾರತದ ಕಾರ್ಮಿಕರೇ. ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಈ ನಿಯಮವನ್ನು ಸಮಾನತೆಯ 14ನೇ ವಿಧಿಗೆ ವಿರುದ್ಧ ಅಂತ ರದ್ದು ಮಾಡಿತು. ದೆಹಲಿ ಹೈಕೋರ್ಟ್ 2025ರಲ್ಲಿ ಇದೇ ನಿಯಮವನ್ನು ಎತ್ತಿಹಿಡಿಯಿತು. ಮುಲ್ಕಿ - ಗೈರ್‌ಮುಲ್ಕಿ ವ್ಯಾಜ್ಯ ಹೊಸ ಕೋಟು ಹಾಕಿಕೊಂಡು ಬಂದಿದೆ ಅಷ್ಟೇ.

ಇದೆಲ್ಲ ದೆಹಲಿ, ಬೆಂಗಳೂರಿನ ಮಾತು ಅನ್ನಬೇಡಿ. ಚಿಂಚೋಳಿ ತಾಲೂಕಿನಲ್ಲಿ ಫ್ರಾನ್ಸಿನ ವಿಕಾ ಸಮೂಹದ ಸಿಮೆಂಟ್ ಕಾರ್ಖಾನೆ ಇದೆ. ವಾಡಿಯ ಎಸಿಸಿಯೂ 2005ರಿಂದ 2022ರವರೆಗೆ ಸ್ವಿಟ್ಜರ್ಲೆಂಡ್ ಮೂಲದ ಹೋಲ್ಸಿಮ್ ಕೈಯಲ್ಲಿತ್ತು. ಫ್ರಾನ್ಸ್ ಜೊತೆಗಿನ ಒಪ್ಪಂದ 2011ರ ಜುಲೈ 1ರಿಂದ ಜಾರಿಯಲ್ಲಿದೆ. ಒಬ್ಬ ಫ್ರೆಂಚ್ ಎಂಜಿನಿಯರ್‌ನನ್ನು ಕಂಪನಿ ಮೂರು ವರ್ಷಕ್ಕೆ ಚಿಂಚೋಳಿಗೆ ಕಳಿಸಿತು ಅಂದುಕೊಳ್ಳಿ. ಅವನು ತನ್ನ ದೇಶದ ಪ್ರಮಾಣಪತ್ರ ತಂದರೆ ಇಲ್ಲಿ ಪಿಎಫ್ ಕಟ್ಟಬೇಕಿಲ್ಲ. ಐದು ವರ್ಷದವರೆಗೆ ಆ ವಿನಾಯಿತಿ. ಅವನ ಪಿಂಚಣಿ ಅಲ್ಲಿ ಬೆಳೆಯುತ್ತಲೇ ಇರುತ್ತದೆ. ಚಿಂಚೋಳಿಯ ಬಿಸಿಲಲ್ಲಿ ಕಳೆದ ಒಂದು ತಿಂಗಳೂ ಅವನ ಮುಪ್ಪಿನ ಲೆಕ್ಕದಿಂದ ಬಿದ್ದುಹೋಗುವುದಿಲ್ಲ.

ಅದೇ ಚಿಂಚೋಳಿಯ ಒಂದು ತಾಂಡಾದಿಂದ ಗುಳೆ ಹೋಗುವ ಗೌಂಡಿಯನ್ನು ನೋಡಿ. ಮುಂಬೈ, ಪುಣೆ, ಹೈದರಾಬಾದ್ ಅಂತ ಇಪ್ಪತ್ತು ವರ್ಷ ಕಟ್ಟಡ ಕಟ್ಟಿದ್ದಾನೆ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದದ್ದು 1979ರಲ್ಲಿ, ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ರಾಜ್ಯಕ್ಕೊಂದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದಾಖಲೆ ಕೊಟ್ಟು ನೋಂದಾಯಿಸಬೇಕು. ಮುಕಾದಮ ಬದಲಾದಂತೆ ಸೈಟು ಬದಲಾಗುವವನಿಗೆ ಆ ದಾಖಲೆ ಬರೆದುಕೊಡುವವರು ಯಾರು? ಮಹಾರಾಷ್ಟ್ರದ ನೋಂದಣಿ ಕರ್ನಾಟಕಕ್ಕೆ ತಾನಾಗಿ ಬರುವುದೂ ಇಲ್ಲ. ಪ್ಯಾರಿಸ್ಸಿನಿಂದ ಚಿಂಚೋಳಿಗೆ ಬಂದವನ ಮೂರು ವರ್ಷ ಗಡಿ ದಾಟುತ್ತದೆ, ಚಿಂಚೋಳಿಯಿಂದ ಪುಣೆಗೆ ಹೋದವನ ಇಪ್ಪತ್ತು ವರ್ಷ ದಾಟುವುದಿಲ್ಲ. ಇವರಿಬ್ಬರಲ್ಲಿ ಪರದೇಶಿ ಯಾರು?

ಏನೂ ಆಗಿಲ್ಲ ಅನ್ನೋದು ಸುಳ್ಳಾಗುತ್ತದೆ. ರೇಷನ್ ಕಾರ್ಡು ಈಗ ರಾಜ್ಯದ ಗಡಿ ದಾಟುತ್ತದೆ. 2018ರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಗೂ ಹೋಗಬಹುದು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐನ ದೊಡ್ಡ ಮೆಡಿಕಲ್ ಕಾಲೇಜು, ಆಸ್ಪತ್ರೆ ಎದ್ದಿದೆ. 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ಬಂತು. ಗೌಂಡಿಗೂ ಹನ್ನೆರಡು ಅಂಕಿಯ ಒಂದು ನಂಬರ್ ಸಿಕ್ಕಿತು. ಆದರೆ ಇ-ಶ್ರಮ್ ನಂಬರಿನ ಹಿಂದೆ ಪ್ರತಿ ತಿಂಗಳು ಹಣ ಕಟ್ಟುವ ಮಾಲೀಕ ಇಲ್ಲ. 2019ರ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ ತಿಂಗಳಿಗೆ 55ರಿಂದ 200 ರೂಪಾಯಿ ಅವನೇ ಕಟ್ಟಬೇಕು, ಸರ್ಕಾರ ಅಷ್ಟೇ ಸೇರಿಸುತ್ತದೆ. ಅವನಿಂದ ಗೋಡೆ ಕಟ್ಟಿಸಿಕೊಂಡವನು ಮಾತ್ರ ಲೆಕ್ಕದಲ್ಲೇ ಇಲ್ಲ.

ನನ್ನ ಹತ್ತಿರ ಈಗ ಎರಡು ಹನ್ನೆರಡರ ನಂಬರುಗಳಿವೆ: 2014ರಲ್ಲಿ ಶುರುವಾದ ಪಿಎಫ್‌ನ ಯುಎಎನ್, ಮತ್ತು ಜರ್ಮನಿಯದ್ದು. ಗೌಂಡಿಯ ಬಳಿ ಇ-ಶ್ರಮ್‌ನ ಹನ್ನೆರಡು. ಕಂಪ್ಯೂಟರಿಗೆ ಮೂರೂ ಒಂದೇ ಅಳತೆಯ ಫೀಲ್ಡ್. ವ್ಯತ್ಯಾಸ ಇರೋದು ನಂಬರಿನಲ್ಲಿ ಅಲ್ಲ, ಅದರ ಹಿಂದೆ ಬಿದ್ದ ಒಂದಾಣೆಯಲ್ಲಿ. 1952ರಲ್ಲಿ ಶಹಾಬಾದಿನಲ್ಲಿ ಕೆಲಸ ಮಾಡಿದ್ದು ಅದೇ: ಕಾರ್ಮಿಕನ ಒಂದಾಣೆಗೆ ಮಾಲೀಕನ ಒಂದಾಣೆ ಕಾನೂನಿನಿಂದ ಕೂಡಿಕೊಂಡದ್ದು. ಬಿಸ್ಮಾರ್ಕನ ಜರ್ಮನಿಯಲ್ಲೂ ಅದೇ, ಎರಡು ದೇಶಗಳ ಒಪ್ಪಂದದಲ್ಲೂ ಅದೇ. ದುಡಿಸಿಕೊಂಡವನು ತನ್ನ ಪಾಲು ಹಾಕುವವರೆಗೆ ನೋಂದಣಿ ಅನ್ನೋದು ಬರೀ ತಲೆ ಎಣಿಕೆ.

ಈ ಲೆಕ್ಕದಲ್ಲಿ ನಾವೂ ಇದ್ದೇವೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಆಫೀಸಿನ ಪ್ಯಾಂಟ್ರಿಯಲ್ಲಿ ಏಜೆನ್ಸಿ ಮೂಲಕ ಬಂದ ಜನ ಇರುತ್ತಾರೆ. ಒಬ್ಬ ನೇಪಾಳದವನು, ಒಬ್ಬಳು ಚಿತ್ತಾಪುರದವಳು. 20 ಜನರ ಏಜೆನ್ಸಿ ಆದರೆ ಪಿಎಫ್ ಅನ್ವಯ. ಪಗಾರ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಬರಬೇಕು. ಅದರಲ್ಲಿ ಕಾರ್ಮಿಕರ ಪಾಲು ಶೇ 0.75, ಮಾಲೀಕರದ್ದು ಶೇ 3.25. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಈಜುಕೊಳದ ಟೈಲ್ಸ್ ಬಗ್ಗೆ ಅರ್ಧ ಗಂಟೆ ಮಾತಾಡಿದ ಮೇಲೆ ಒಂದು ನಿಮಿಷ ಉಳಿದರೆ ಏಜೆನ್ಸಿಯವರನ್ನು ಕೇಳಿ: ಇವರ ಚಲನ್ ಎಲ್ಲಿ? ಉತ್ತರ ಬರಲು ತಡವಾದಷ್ಟೂ ನಮ್ಮ ಗೇಟಿನಲ್ಲಿ ಒಬ್ಬ ಪರದೇಶಿ ನಿಂತಿದ್ದಾನೆ ಅಂತ ತಿಳಿಯಿರಿ.